ಡಿಸ್ಕ್ ಕದ್ದರೂ ಡೇಟಾ ಸಿಗಬಾರದು: ಡೇಟಾಬೇಸ್‌ನ 'ಕಾಣದ ಬೀಗ' ಕೆಲಸ ಮಾಡುವುದು ಹೇಗೆ?

2005ರ ಫೆಬ್ರವರಿಯಲ್ಲಿ ಬ್ಯಾಂಕ್ ಆಫ್ ಅಮೆರಿಕ ಒಂದು ಮುಜುಗರದ ವಿಷಯವನ್ನು ಒಪ್ಪಿಕೊಳ್ಳಬೇಕಾಯಿತು. ಬ್ಯಾಕಪ್ ಕೇಂದ್ರಕ್ಕೆ ಸಾಗಿಸುತ್ತಿದ್ದ ಕೆಲವು ಕಂಪ್ಯೂಟರ್ ಟೇಪ್‌ಗಳು ದಾರಿಯಲ್ಲೇ ನಾಪತ್ತೆಯಾಗಿದ್ದವು. ಅವುಗಳಲ್ಲಿದ್ದದ್ದು ಅಮೆರಿಕದ ಸುಮಾರು 12 ಲಕ್ಷ ಕೇಂದ್ರ ಸರ್ಕಾರಿ ನೌಕರರ ಚಾರ್ಜ್ ಕಾರ್ಡ್ ವಿವರ. ಕೆಲವು ಸೆನೆಟರ್‌ಗಳ ಮಾಹಿತಿಯೂ ಅದರಲ್ಲಿ ಸೇರಿತ್ತು. ಮೇ ತಿಂಗಳಲ್ಲಿ ಟೈಮ್ ವಾರ್ನರ್ ಸರದಿ. ಸುಮಾರು 6 ಲಕ್ಷ ಹಾಲಿ ಮತ್ತು ಮಾಜಿ ನೌಕರರ ಮಾಹಿತಿ ಇದ್ದ ಬ್ಯಾಕಪ್ ಟೇಪ್‌ಗಳು ಮಾಯ. ಜೂನ್‌ನಲ್ಲಿ ಸಿಟಿಗ್ರೂಪ್. ಕೊರಿಯರ್‌ನಲ್ಲಿ ಕಳುಹಿಸಿದ ಟೇಪ್‌ಗಳ ಜೊತೆ 39 ಲಕ್ಷ ಗ್ರಾಹಕರ ವಿವರವೂ ಕಳೆದುಹೋಯಿತು.

ಗಮನಿಸಿ, ಈ ಮೂರೂ ಪ್ರಕರಣಗಳಲ್ಲಿ ಯಾವ ಹ್ಯಾಕರ್ ಕೂಡ ಫೈರ್‌ವಾಲ್ ಒಡೆದು ಒಳಗೆ ನುಗ್ಗಿರಲಿಲ್ಲ. ಪಾರ್ಸೆಲ್ ಕಳೆದುಹೋಯಿತು, ಅಷ್ಟೇ. ಆದರೆ ಆ ಟೇಪ್ ಸಿಕ್ಕವನ ಬಳಿ ಓದುವ ಯಂತ್ರವೊಂದಿದ್ದರೆ ಸಾಕು, ಒಳಗಿನ ಡೇಟಾ ಅವನದೇ.

ಆ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಹೊಸ ಕಾನೂನೊಂದು ಜಾರಿಯಲ್ಲಿತ್ತು. 2003ರ ಜುಲೈ 1ರಿಂದ ಅಲ್ಲಿ ಯಾವುದೇ ಸಂಸ್ಥೆಯ ಕೈಯಿಂದ ಜನರ ಖಾಸಗಿ ಮಾಹಿತಿ ಸೋರಿದರೆ ಆ ಜನರಿಗೆ ತಿಳಿಸಲೇಬೇಕು. ಆದರೆ ಅದರಲ್ಲೊಂದು ವಿನಾಯಿತಿ ಇತ್ತು: ಮಾಹಿತಿ ಎನ್‌ಕ್ರಿಪ್ಟ್ ಆಗಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ. ಕಂಪನಿಗಳ ಕಾನೂನು ವಿಭಾಗಕ್ಕೆ ಈ ಒಂದು ಪದ ಸಾಕಾಯಿತು. ಡೇಟಾಬೇಸ್ ತಯಾರಕರಿಗೂ. ಅದೇ 2005ರಲ್ಲಿ ಒರಾಕಲ್ ತನ್ನ 10ಜಿ ರಿಲೀಸ್ 2 ಆವೃತ್ತಿಯಲ್ಲಿ ಟ್ರಾನ್ಸ್‌ಪರೆಂಟ್ ಡೇಟಾ ಎನ್‌ಕ್ರಿಪ್ಶನ್ ಎಂಬ ಸೌಲಭ್ಯ ತಂದಿತು. ಚಿಕ್ಕದಾಗಿ ಟಿಡಿಇ.

ಇಂದು ನಿಮ್ಮ ಬ್ಯಾಂಕ್ ಖಾತೆ, ಆಸ್ಪತ್ರೆಯ ರಿಪೋರ್ಟ್, ಪಿಎಫ್ ವಿವರ, ರೈಲ್ವೆ ಟಿಕೆಟ್ ಎಲ್ಲವೂ ಯಾವುದೋ ಒಂದು ಡೇಟಾಬೇಸ್‌ನಲ್ಲಿ ಸಾಲು ಸಾಲಾಗಿ ಕುಳಿತಿವೆ. ಆ ಸಂಸ್ಥೆಗಳು "ನಿಮ್ಮ ಡೇಟಾ ಎನ್‌ಕ್ರಿಪ್ಟ್ ಆಗಿದೆ, ಚಿಂತೆ ಬೇಡ" ಎಂದಾಗ ಬಹುತೇಕ ಸಂದರ್ಭಗಳಲ್ಲಿ ಅವರು ಹೇಳುತ್ತಿರುವುದು ಇದೇ ಟಿಡಿಇ ಬಗ್ಗೆ. ಹಾಗಾದರೆ ಈ ಬೀಗ ಏನನ್ನು ಕಾಯುತ್ತದೆ, ಏನನ್ನು ಕಾಯುವುದಿಲ್ಲ?

ಪಾರದರ್ಶಕ ಅಂದರೆ ಇಲ್ಲಿ ಬೇರೆಯೇ ಅರ್ಥ

ಕನ್ನಡದಲ್ಲಿ ಪಾರದರ್ಶಕ ಎಂದ ಕೂಡಲೇ ಎಲ್ಲವೂ ಎಲ್ಲರಿಗೂ ಕಾಣುವಂತಿರುವುದು ಎಂಬ ಅರ್ಥ ಹೊಳೆಯುತ್ತದೆ. ಸರ್ಕಾರಿ ಟೆಂಡರ್ ಪಾರದರ್ಶಕವಾಗಿರಬೇಕು ಎನ್ನುತ್ತೇವಲ್ಲ, ಹಾಗೆ. ಗುಟ್ಟು ಕಾಪಾಡುವ ತಂತ್ರಕ್ಕೆ ಈ ಹೆಸರು ವಿಚಿತ್ರ ಅನ್ನಿಸಬಹುದು. ಇಲ್ಲಿ ಪಾರದರ್ಶಕವಾಗಿರುವುದು ಡೇಟಾ ಅಲ್ಲ, ಬೀಗ. ಒರೆಸಿಟ್ಟ ಗಾಜು ಕಣ್ಣಿಗೆ ಕಾಣುವುದಿಲ್ಲವಲ್ಲ, ಹಾಗೆ ಈ ಎನ್‌ಕ್ರಿಪ್ಶನ್ ಅಪ್ಲಿಕೇಷನ್‌ನ ಕಣ್ಣಿಗೆ ಬೀಳುವುದೇ ಇಲ್ಲ. ಬ್ಯಾಂಕ್‌ನ ಸಾಫ್ಟ್‌ವೇರ್‌ನಲ್ಲಿ ಒಂದು ಸಾಲು ಕೋಡ್ ಕೂಡ ಬದಲಾಯಿಸಬೇಕಿಲ್ಲ. ಅದು ಎಂದಿನಂತೆ "ಈ ಖಾತೆಯ ಬ್ಯಾಲೆನ್ಸ್ ಎಷ್ಟು?" ಎಂದು ಕೇಳುತ್ತದೆ, ಡೇಟಾಬೇಸ್ ಎಂದಿನಂತೆ ಉತ್ತರಿಸುತ್ತದೆ.

ಕಂಪನಿಗಳು ಇದನ್ನು ಇಷ್ಟಪಡಲು ಅದೇ ಕಾರಣ. ಹದಿನೈದು ವರ್ಷ ಹಳೆಯ ಸಾಫ್ಟ್‌ವೇರ್, ಬರೆದವರು ಕೆಲಸ ಬಿಟ್ಟು ಎಷ್ಟೋ ಕಾಲವಾಗಿದೆ, ಮುಟ್ಟಲು ಎಲ್ಲರಿಗೂ ಭಯ. ಅಂಥದ್ದರ ಕೆಳಗೂ ಟಿಡಿಇ ಹಾಕಬಹುದು.

ಒರಾಕಲ್ ನಂತರ ಮೈಕ್ರೋಸಾಫ್ಟ್ ತನ್ನ ಎಸ್‌ಕ್ಯೂಎಲ್ ಸರ್ವರ್ 2008ರಲ್ಲಿ ಟಿಡಿಇ ಕೊಟ್ಟಿತು. ಆದರೆ ದುಬಾರಿ ಎಂಟರ್‌ಪ್ರೈಸ್ ಆವೃತ್ತಿ ಕೊಂಡವರಿಗೆ ಮಾತ್ರ. ಸ್ಟ್ಯಾಂಡರ್ಡ್ ಆವೃತ್ತಿಗೆ ಅದು ಬಂದದ್ದು 2019ರಲ್ಲಿ. ಸಣ್ಣ ಸಂಸ್ಥೆಗಳ ಗ್ರಾಹಕರ ಡೇಟಾ ಹನ್ನೊಂದು ವರ್ಷ ಯಾಕೆ ಕಡಿಮೆ ಮುಖ್ಯವಾಗಿತ್ತು ಎಂದು ಕೇಳಬಹುದು. ಮುಕ್ತ ತಂತ್ರಾಂಶಗಳ ಪೈಕಿ ಮರಿಯಾಡಿಬಿ 2015ರಲ್ಲಿ 10.1 ಆವೃತ್ತಿಯೊಂದಿಗೆ, ಮೈಎಸ್‌ಕ್ಯೂಎಲ್ 2016ರಲ್ಲಿ 5.7.11 ಆವೃತ್ತಿಯೊಂದಿಗೆ ಈ ಸಾಲಿಗೆ ಸೇರಿದವು. ದೊಡ್ಡ ಹೆಸರುಗಳಲ್ಲಿ ಹೊರಗುಳಿದದ್ದು ಒಂದೇ, ಪೋಸ್ಟ್‌ಗ್ರೆಸ್. ಅದರ ಕಥೆ ಮುಂದಿದೆ. ಈ ಬೀಗ ಮಾಡುವುದು ಎಷ್ಟು ಕಷ್ಟ ಎಂಬುದು ಅರ್ಥವಾಗುವುದೇ ಆ ಕಥೆಯಲ್ಲಿ.

ಪೇಜ್ ಒಳಗೆ ಬಂದಾಗ ತೆರೆ, ಹೊರಗೆ ಹೋದಾಗ ಮುಚ್ಚು

ಡೇಟಾಬೇಸ್ ನಿಮ್ಮ ಖಾತೆಯ ಒಂದು ಸಾಲನ್ನು ಮಾತ್ರ ಡಿಸ್ಕ್‌ನಿಂದ ಓದುವುದಿಲ್ಲ. ಅದು ಓದುವುದು, ಬರೆಯುವುದು ಎಲ್ಲವೂ ಪೇಜ್‌ಗಳ ಲೆಕ್ಕದಲ್ಲಿ. ಎಸ್‌ಕ್ಯೂಎಲ್ ಸರ್ವರ್ ಮತ್ತು ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಪೇಜ್ ಸಾಮಾನ್ಯವಾಗಿ 8 ಕೆಬಿ, ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಲ್ಲಿ 16 ಕೆಬಿ. ಬೇಕಾದ ಪೇಜ್ ಡಿಸ್ಕ್‌ನಿಂದ ಮೆಮೊರಿಗೆ ಬರುತ್ತದೆ, ಅಲ್ಲಿ ಬಫರ್ ಎಂಬ ಜಾಗದಲ್ಲಿ ಕೂರುತ್ತದೆ. ಹುಡುಕಾಟ, ಕೂಡುವುದು, ಕಳೆಯುವುದು, ಅಕಾರಾದಿಯಾಗಿ ಜೋಡಿಸುವುದು ಎಲ್ಲ ನಡೆಯುವುದು ಬಫರ್‌ನಲ್ಲಿ. ಕೆಲಸ ಮುಗಿದ ಮೇಲೆ ಬದಲಾದ ಪೇಜ್ ಮತ್ತೆ ಡಿಸ್ಕ್‌ಗೆ ಹೋಗುತ್ತದೆ.

ಟಿಡಿಇ ನಿಲ್ಲುವುದು ಸರಿಯಾಗಿ ಈ ಎರಡರ ನಡುವೆ. ಪೇಜ್ ಮೆಮೊರಿಗೆ ಬರುವಾಗ ಬಿಡಿಸುತ್ತದೆ, ಡಿಸ್ಕ್‌ಗೆ ಹೋಗುವಾಗ ಮತ್ತೆ ಗೂಢಲಿಪಿಗೆ ತಿರುಗಿಸುತ್ತದೆ. ಬಳಸುವುದು ಸಾಮಾನ್ಯವಾಗಿ ಎಇಎಸ್ ಎಂಬ ವಿಧಾನ. ಇದರಿಂದ ದೊಡ್ಡ ಲಾಭವೊಂದಿದೆ. ಬಫರ್‌ನಲ್ಲಿರುವ ಪೇಜ್ ಮಾಮೂಲಿ ಪೇಜ್ ಆದ್ದರಿಂದ ಇಂಡೆಕ್ಸ್ ಎಂದಿನಂತೆ ಕೆಲಸ ಮಾಡುತ್ತದೆ. 'ಶೆಟ್ಟಿ' ಎಂದು ಆರಂಭವಾಗುವ ಹೆಸರುಗಳನ್ನೆಲ್ಲ ಕೊಡು ಎಂದರೂ ಕೊಡುತ್ತದೆ.

ವೇಗ ಕಡಿಮೆಯಾಗುವುದಿಲ್ಲವೇ? ಸ್ವಲ್ಪ ಆಗುತ್ತದೆ. ಆದರೆ ಪದೇ ಪದೇ ಬೇಕಾಗುವ ಪೇಜ್‌ಗಳು ಮೆಮೊರಿಯಲ್ಲೇ ಉಳಿಯುವುದರಿಂದ ಅವನ್ನು ಮತ್ತೆ ಮತ್ತೆ ಬಿಡಿಸಬೇಕಿಲ್ಲ. ಜೊತೆಗೆ 2010ರಿಂದೀಚೆಗೆ ಇಂಟೆಲ್‌ನ ಪ್ರೊಸೆಸರ್‌ಗಳಲ್ಲಿ ಎಇಎಸ್‌ಗೆಂದೇ ಪ್ರತ್ಯೇಕ ಸೂಚನೆಗಳು ಬಂದವು. ಹಾಗಾಗಿ ವೇಗದ ನೆಪ ಹೇಳಿ ಎನ್‌ಕ್ರಿಪ್ಶನ್ ಬೇಡ ಎನ್ನುವುದು ಈಗ ಅಷ್ಟಾಗಿ ಒಪ್ಪುವ ಮಾತಲ್ಲ.

ಕೀಲಿಕೈಗೂ ಒಂದು ಬೀಗ

ಬೀಗ ಹಾಕಿದ್ದಾಯಿತು, ಕೀಲಿಕೈ ಎಲ್ಲಿಡುವುದು? ಟಿಡಿಇ ವಿನ್ಯಾಸದ ಅರ್ಧ ತಲೆನೋವು ಇದೇ ಪ್ರಶ್ನೆ.

ಮುಂಬೈನ ಹೌಸಿಂಗ್ ಸೊಸೈಟಿಯೊಂದನ್ನು ನೆನಪಿಸಿಕೊಳ್ಳಿ. ಪ್ರತಿ ಫ್ಲ್ಯಾಟ್‌ನ ಹೆಚ್ಚುವರಿ ಕೀಲಿಗಳು ಆಫೀಸಿನ ಒಂದು ಪೆಟ್ಟಿಗೆಯಲ್ಲಿವೆ ಎಂದುಕೊಳ್ಳಿ. ಪೆಟ್ಟಿಗೆಯ ಕೀಲಿ ಮಾತ್ರ ಕಾರ್ಯದರ್ಶಿಯ ಜೇಬಿನಲ್ಲಿ. ಕಾರ್ಯದರ್ಶಿ ಬದಲಾದರೆ ಪೆಟ್ಟಿಗೆಯ ಬೀಗ ಬದಲಾಯಿಸಿದರೆ ಆಯಿತು, ನೂರಿಪ್ಪತ್ತು ಫ್ಲ್ಯಾಟ್‌ಗಳ ಬಾಗಿಲು ಬಿಚ್ಚಬೇಕಿಲ್ಲ.

ಟಿಡಿಇಯಲ್ಲೂ ಎರಡು ಹಂತ. ಡೇಟಾವನ್ನು ಮುಚ್ಚುವ ಕೀ ಒಂದು, ಆ ಕೀಯನ್ನು ಮುಚ್ಚುವ ಮಾಸ್ಟರ್ ಕೀ ಇನ್ನೊಂದು. ಡೇಟಾ ಕೀ ಗೂಢಲಿಪಿಯ ರೂಪದಲ್ಲಿ ಡೇಟಾಬೇಸ್‌ನ ಜೊತೆಯಲ್ಲೇ ಇರುತ್ತದೆ. ಮಾಸ್ಟರ್ ಕೀ ಮಾತ್ರ ಹೊರಗೆ, ಪ್ರತ್ಯೇಕ ಸರ್ವರ್‌ನಲ್ಲೋ ಎಚ್‌ಎಸ್‌ಎಂ ಎಂಬ ವಿಶೇಷ ಭದ್ರತಾ ಯಂತ್ರದಲ್ಲೋ ಇರಬೇಕು. ಕೀ ನೋಡುತ್ತಿದ್ದ ಅಧಿಕಾರಿ ಕೆಲಸ ಬಿಟ್ಟರೆ ಮಾಸ್ಟರ್ ಕೀ ಬದಲಿಸಿ, ಕೆಲವೇ ಬೈಟ್‌ಗಳಷ್ಟಿರುವ ಡೇಟಾ ಕೀಯನ್ನು ಹೊಸದರಿಂದ ಮುಚ್ಚಿದರೆ ಮುಗಿಯಿತು. ಮೈಎಸ್‌ಕ್ಯೂಎಲ್‌ನಲ್ಲಿ ಒಂದೇ ಆದೇಶದ ಕೆಲಸ. ಆದರೆ ಡೇಟಾ ಕೀಯೇ ಸೋರಿದೆ ಎಂಬ ಅನುಮಾನ ಬಂದರೆ ಈ ಸಲೀಸು ಇಲ್ಲ. ಪ್ರತಿ ಪೇಜನ್ನೂ ಓದಿ, ಬಿಡಿಸಿ, ಹೊಸ ಕೀಯಿಂದ ಮುಚ್ಚಿ, ಮತ್ತೆ ಬರೆಯಬೇಕು. ಅಲ್ಲಿಗೂ ಹಳೆಯ ಬ್ಯಾಕಪ್‌ಗಳು ಹಳೆಯ ಕೀಯಲ್ಲೇ ಉಳಿದಿರುತ್ತವೆ.

ಮಾಸ್ಟರ್ ಕೀಯನ್ನು ಅದೇ ಡಿಸ್ಕ್‌ನ ಇನ್ನೊಂದು ಫೋಲ್ಡರ್‌ನಲ್ಲಿ ಇಟ್ಟರೆ? ಬೀಗದ ಪಕ್ಕದ ಮೊಳೆಗೇ ಕೀಲಿ ನೇತು ಹಾಕಿದಂತೆ. ಡಿಸ್ಕ್ ಕದ್ದವನಿಗೆ ಎರಡೂ ಸಿಗುತ್ತವೆ. ನಿಯಮದ ಪಟ್ಟಿಯಲ್ಲಿ ಟಿಕ್ ಬಿದ್ದರೆ ಸಾಕು ಎನ್ನುವ ಕಡೆ ಆಗುವುದು ಹೀಗೆಯೇ.

ಇನ್ನೊಂದು ತಾಪತ್ರಯ ರಾತ್ರಿ ಎರಡು ಗಂಟೆಗೆ ಬರುತ್ತದೆ. ಕರೆಂಟ್ ಹೋಗಿ ಸರ್ವರ್ ತಾನಾಗಿ ರೀಸ್ಟಾರ್ಟ್ ಆಯಿತು ಎನ್ನಿ. ಡೇಟಾಬೇಸ್ ತೆರೆಯಲು ಕೀ ಬೇಕು. ಮನುಷ್ಯರೇ ಬಂದು ಪಾಸ್‌ವರ್ಡ್ ಒತ್ತಬೇಕು ಎಂದಿದ್ದರೆ ಯಾರಾದರೂ ಎದ್ದು ಬರುವವರೆಗೂ ಬ್ಯಾಂಕ್ ಬಂದ್. ಕೀ ತಾನಾಗಿ ಸಿಗುವಂತೆ ಮಾಡಿದರೆ, ಸರ್ವರ್ ಅನ್ನೇ ವಶಪಡಿಸಿಕೊಂಡವನಿಗೂ ತಾನಾಗಿ ಸಿಗುತ್ತದೆ. ಕೀ ಕೊಡುವ ಕೆಲಸವನ್ನು ಬೇರೆ ಯಂತ್ರಕ್ಕೆ ವಹಿಸಿ, ಈ ಸರ್ವರ್ ಕದ್ದುಹೋಗಿದೆ ಎಂದು ಗೊತ್ತಾದ ತಕ್ಷಣ ಕೊಡುವುದನ್ನು ನಿಲ್ಲಿಸುವುದು ನಡುದಾರಿ. ಆಗ ಆ ಬೇರೆ ಯಂತ್ರ ಕೈಕೊಟ್ಟರೆ ಎಲ್ಲವೂ ನಿಲ್ಲುತ್ತದೆ ಎಂಬ ಹೊಸ ಚಿಂತೆ ಶುರು.

ಮತ್ತು ಕೀ ಕಳೆದುಹೋದರೆ? ಡೇಟಾ ಹೋಯಿತು ಎಂದೇ ಲೆಕ್ಕ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಡೇಟಾ ಕೀಯನ್ನು ಮುಚ್ಚುವುದು ಸಾಮಾನ್ಯವಾಗಿ ಒಂದು ಸರ್ಟಿಫಿಕೇಟ್. ಡೇಟಾಬೇಸ್ ಬ್ಯಾಕಪ್ ಇದ್ದು ಸರ್ಟಿಫಿಕೇಟ್‌ನ ಬ್ಯಾಕಪ್ ಇಲ್ಲದಿದ್ದರೆ ಹೊಸ ಸರ್ವರ್‌ನಲ್ಲಿ ಅದನ್ನು ತೆರೆಯಲು ಮೈಕ್ರೋಸಾಫ್ಟ್‌ನಿಂದಲೂ ಆಗದು. ಕಳ್ಳನಿಗೂ ಮಾಲೀಕನಿಗೂ ಈ ಬೀಗ ಒಂದೇ ಉತ್ತರ ಕೊಡುತ್ತದೆ.

ಪೋಸ್ಟ್‌ಗ್ರೆಸ್ ತಲೆಕೆಡಿಸಿಕೊಂಡ ಒಂದು ಪುಟ್ಟ ಗುರುತು

ಎಇಎಸ್ ಅನ್ನು ಇಲ್ಲಿಯವರೆಗೆ ಯಾರೂ ಪ್ರಾಯೋಗಿಕವಾಗಿ ಮುರಿದಿಲ್ಲ. ಹಾಗಾದರೆ ಪೇಜ್ ತೆಗೆದುಕೊಂಡು ಎಇಎಸ್‌ಗೆ ಕೊಟ್ಟರೆ ಮುಗಿಯಿತಲ್ಲ ಎನ್ನಿಸುತ್ತದೆ. ಮುಗಿಯುವುದಿಲ್ಲ. ಎಇಎಸ್ ಒಂದು ಸಲಕ್ಕೆ 16 ಬೈಟ್‌ಗಳನ್ನು ಮಾತ್ರ ಮುಚ್ಚುತ್ತದೆ. ಒಂದೇ ಕೀ, ಒಂದೇ 16 ಬೈಟ್ ಕೊಟ್ಟರೆ ಪ್ರತಿ ಸಲವೂ ಒಂದೇ ಉತ್ತರ. ಡೇಟಾಬೇಸ್‌ನಲ್ಲಿ ಒಂದೇ ಬಗೆಯ ಮೌಲ್ಯಗಳು ಸಾವಿರಾರು ಸಲ ಮರುಕಳಿಸುತ್ತವೆ. ಗೂಢಲಿಪಿಯಲ್ಲೂ ಅದೇ ವಿನ್ಯಾಸ ಉಳಿದುಬಿಡುತ್ತದೆ. ಲಿನಕ್ಸ್‌ನ ಪೆಂಗ್ವಿನ್ ಚಿತ್ರವನ್ನು ಹೀಗೆ ಮುಚ್ಚಿದರೆ ಬಣ್ಣ ಬದಲಾಗುತ್ತದೆಯೇ ಹೊರತು ಪೆಂಗ್ವಿನ್ ಪೆಂಗ್ವಿನ್ ಆಗಿಯೇ ಕಾಣುತ್ತದೆ. ಕ್ರಿಪ್ಟೋಗ್ರಫಿ ತರಗತಿಗಳಲ್ಲಿ ಎಲ್ಲರಿಗೂ ತೋರಿಸುವ ಚಿತ್ರ ಅದು.

ಆದ್ದರಿಂದ ಪ್ರತಿ ಪೇಜ್‌ಗೂ ಪ್ರತಿ ಸಲವೂ ಬೇರೆ ಬೇರೆ ಸಂಖ್ಯೆಯೊಂದನ್ನು ಬೆರೆಸಬೇಕು. ಆ ಸಂಖ್ಯೆ ಗುಟ್ಟಾಗಿರಬೇಕಿಲ್ಲ, ಆದರೆ ಮರುಬಳಕೆಯಾಗಬಾರದು. ಕೆಲವು ವಿಧಾನಗಳಲ್ಲಿ, ಉದಾಹರಣೆಗೆ ಸಿಟಿಆರ್ ಎಂಬುದರಲ್ಲಿ, ಮರುಬಳಕೆಯಾದರೆ ಅನಾಹುತ. ಈ ವಿಧಾನ ಕೀ ಮತ್ತು ಆ ಸಂಖ್ಯೆಯಿಂದ ಅಡ್ಡಾದಿಡ್ಡಿ ಬಿಟ್‌ಗಳ ಒಂದು ಪರದೆ ತಯಾರಿಸಿ ಡೇಟಾದ ಮೇಲೆ ಹೊದಿಸುತ್ತದೆ. ಒಂದೇ ಪರದೆಯನ್ನು ಎರಡು ಬೇರೆ ಬೇರೆ ಪೇಜ್‌ಗಳಿಗೆ ಹೊದಿಸಿದರೆ, ಎರಡನ್ನೂ ಹೋಲಿಸಿ ಪರದೆಯನ್ನೇ ಕಿತ್ತುಹಾಕಬಹುದು. 1940ರ ದಶಕದಲ್ಲಿ ಅಮೆರಿಕದ ವೆನೋನಾ ತಂಡ ಸೋವಿಯತ್ ಗೂಢಚಾರರ ಸಂದೇಶಗಳನ್ನು ಓದಿದ್ದು ಹೀಗೆಯೇ. ಒಮ್ಮೆ ಮಾತ್ರ ಬಳಸಬೇಕಿದ್ದ ಸಂಕೇತ ಪುಟಗಳ ನಕಲುಗಳು ಸೋವಿಯತ್ ಕಡೆಯಿಂದ ಎರಡನೇ ಸಲ ಬಳಕೆಯಾಗಿದ್ದವು.

ಮುಕ್ತ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ಗೆ ಟಿಡಿಇ ಸೇರಿಸುವ ಮೊದಲ ಪ್ರಸ್ತಾವ 2016ರಲ್ಲೇ ಬಂತು. ನಂತರ ಬೇರೆ ಬೇರೆ ತಂಡಗಳು ಬೇರೆ ಬೇರೆ ವಿನ್ಯಾಸ ತಂದವು. ಅವುಗಳಲ್ಲೊಂದು ಕೇಳಲು ಬಹಳ ಚೆನ್ನಾಗಿತ್ತು. ಪೋಸ್ಟ್‌ಗ್ರೆಸ್‌ನ ಪ್ರತಿ ಪೇಜ್‌ನ ತಲೆಯಲ್ಲಿ ಎಲ್‌ಎಸ್‌ಎನ್ ಎಂಬ ಸಂಖ್ಯೆ ಈಗಾಗಲೇ ಇದೆ. ಪೇಜ್‌ನಲ್ಲಿ ಬದಲಾವಣೆ ದಾಖಲಾದಾಗಲೆಲ್ಲ ಅದು ಏರುತ್ತದೆ, ಇಳಿಯುವ ಮಾತಿಲ್ಲ. ಪೇಜ್ ನಂಬರ್ ಮತ್ತು ಎಲ್‌ಎಸ್‌ಎನ್ ಸೇರಿಸಿದರೆ ಎಂದೂ ಮರುಕಳಿಸದ ಸಂಖ್ಯೆ ಪುಕ್ಕಟೆ ಸಿಕ್ಕಂತಾಯಿತು.

ಅಲ್ಲಿ ಅಡ್ಡ ಬಂದದ್ದು ಹಿಂಟ್ ಬಿಟ್ ಎಂಬ ಪುಟ್ಟ ಗುರುತು. ಒಂದು ಸಾಲನ್ನು ಬರೆದ ವಹಿವಾಟು ಪೂರ್ಣಗೊಂಡಿದೆಯೋ ಅರ್ಧಕ್ಕೆ ರದ್ದಾಗಿದೆಯೋ ಎಂದು ಪೋಸ್ಟ್‌ಗ್ರೆಸ್ ಪ್ರತಿ ಸಲ ಓದುವಾಗಲೂ ಪರಿಶೀಲಿಸಬೇಕು. ಮೊದಲು ಪರಿಶೀಲಿಸಿದವರು "ನೋಡಿದ್ದೇನೆ, ಸರಿ ಇದೆ" ಎಂದು ಸಾಲಿನ ಮೇಲೆ ಸಣ್ಣ ಗುರುತು ಹಾಕಿ ಹೋಗುತ್ತಾರೆ, ಮುಂದಿನವರ ಶ್ರಮ ಉಳಿಯಲಿ ಎಂದು. ಒಳ್ಳೆಯ ಉದ್ದೇಶ. ಆದರೆ ಈ ಗುರುತು ಅಷ್ಟು ಮುಖ್ಯವಲ್ಲ ಎಂಬ ಕಾರಣಕ್ಕೆ ಸಾಮಾನ್ಯವಾಗಿ ಅದನ್ನು ದಾಖಲೆ ಪುಸ್ತಕದಲ್ಲಿ ಬರೆಯುವುದಿಲ್ಲ, ಎಲ್‌ಎಸ್‌ಎನ್ ಏರುವುದಿಲ್ಲ. ಅಂದರೆ ಪೇಜ್ ಬದಲಾಗಿದೆ, ಸಂಖ್ಯೆ ಬದಲಾಗಿಲ್ಲ. ಅದೇ ಪರದೆ, ಎರಡು ಬೇರೆ ಪೇಜ್. ನಕಲು ಸರ್ವರ್ ಇಟ್ಟುಕೊಂಡವರಿಗೆ ಇನ್ನೂ ಕಷ್ಟ: ಮೂಲದಲ್ಲೂ ನಕಲಿನಲ್ಲೂ ಎಲ್‌ಎಸ್‌ಎನ್ ಒಂದೇ, ಗುರುತುಗಳು ಮಾತ್ರ ಬೇರೆ.

ಗುರುತು ಹಾಕಿದಾಗಲೂ ದಾಖಲಿಸಿ ಎಂದರೆ ಬರವಣಿಗೆಯ ಹೊರೆ ಏರುತ್ತದೆ. ಪ್ರತಿ ಪೇಜ್‌ನಲ್ಲಿ ಹೊಸ ಸಂಖ್ಯೆಗೆ ಜಾಗ ಮಾಡಿ ಎಂದರೆ 8 ಕೆಬಿಯ ಲೆಕ್ಕಾಚಾರವೇ ತಪ್ಪುತ್ತದೆ, ಹಳೆಯ ಆವೃತ್ತಿಯಿಂದ ಹೊಸದಕ್ಕೆ ಹೋಗುವ ದಾರಿ ಜಟಿಲವಾಗುತ್ತದೆ. ಯಾರಾದರೂ ಪೇಜ್ ತಿದ್ದಿದ್ದಾರೆಯೇ ಎಂದೂ ಪತ್ತೆ ಹಚ್ಚಬೇಕು ಎಂದರೆ ಜಿಸಿಎಂ ವಿಧಾನ ಬೇಕು, ಅದಕ್ಕೆ ಪ್ರತಿ ಪೇಜ್‌ಗೆ 16 ಬೈಟ್‌ಗಳ ಮುದ್ರೆಯೊಂದು ಹೆಚ್ಚುವರಿ. ಕೊನೆಗೆ ಹಲವರು ಒಲಿದದ್ದು ಎಕ್ಸ್‌ಟಿಎಸ್ ಎಂಬ ವಿಧಾನದತ್ತ. ಇದು ಮೂಲತಃ ಡಿಸ್ಕ್‌ಗಳಿಗೆಂದೇ ರೂಪಿಸಿದ್ದು, 2010ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಇದಕ್ಕೆ ಒಪ್ಪಿಗೆ ಕೊಟ್ಟಿತು. ಸಂಖ್ಯೆ ಮರುಕಳಿಸಿದರೂ ಇಲ್ಲಿ ಪರದೆ ಕಿತ್ತು ಬರುವುದಿಲ್ಲ. ಪೇಜ್‌ನ ಯಾವ 16 ಬೈಟ್ ಬದಲಾಗಿದೆ, ಯಾವುದು ಹಾಗೇ ಇದೆ ಎಂಬಷ್ಟು ಮಾತ್ರ ಹೊರಗೆ ಗೊತ್ತಾಗಬಹುದು. ಆದರೆ ತಿದ್ದಿದರೆ ಪತ್ತೆ ಹಚ್ಚುವ ಶಕ್ತಿ ಇದಕ್ಕಿಲ್ಲ.

ಇಷ್ಟೆಲ್ಲ ಚರ್ಚೆಯ ನಂತರವೂ 2025ರಲ್ಲಿ ಬಂದ ಪೋಸ್ಟ್‌ಗ್ರೆಸ್ 18ರ ಮೂಲ ಆವೃತ್ತಿಯಲ್ಲಿ ಟಿಡಿಇ ಇಲ್ಲ. ಬೇಕಾದವರು ಬೇರೆ ಕಂಪನಿಗಳ ಆವೃತ್ತಿಗೆ ಹೋಗಬೇಕು. ಪುಣೆಯಲ್ಲೂ ಕಚೇರಿ ಇರುವ ಇಡಿಬಿ 2023ರಲ್ಲಿ ತನ್ನ ಪೋಸ್ಟ್‌ಗ್ರೆಸ್‌ಗೆ ಟಿಡಿಇ ಸೇರಿಸಿತು, ಪರ್ಕೋನಾ ಕೂಡ ತನ್ನದೊಂದನ್ನು ಸಿದ್ಧಪಡಿಸಿದೆ. ಪೋಸ್ಟ್‌ಗ್ರೆಸ್‌ನವರದು ಸೋಮಾರಿತನ ಎನ್ನುವವರಿದ್ದಾರೆ. ಅರ್ಧ ಬೆಂದ ಬೀಗ ಕೊಡುವುದಕ್ಕಿಂತ ಕೊಡದಿರುವುದೇ ವಾಸಿ ಎಂದು ಅವರು ಹಿಂಜರಿದದ್ದರಲ್ಲಿ ನ್ಯಾಯವಿದೆ.

ಮುಂಬಾಗಿಲಿಗೆ ಬೀಗ, ಹಿತ್ತಿಲು ತೆರೆದೇ ಇದೆ

ಟೇಬಲ್‌ಗಳನ್ನು ಮುಚ್ಚಿದರೆ ಸಾಲದು. ಡೇಟಾಬೇಸ್ ತಾನು ಮಾಡುವ ಪ್ರತಿ ಬದಲಾವಣೆಯನ್ನೂ ಮೊದಲು ಲಾಗ್ ಫೈಲ್‌ನಲ್ಲಿ ಬರೆಯುತ್ತದೆ. ಅದರಲ್ಲೂ ನಿಮ್ಮ ಹೆಸರು, ಮೊತ್ತ ಇರುತ್ತದೆ. ದೊಡ್ಡ ಲೆಕ್ಕಾಚಾರ ಮೆಮೊರಿಯಲ್ಲಿ ಹಿಡಿಸದಿದ್ದರೆ ತಾತ್ಕಾಲಿಕ ಫೈಲ್‌ಗೆ ಸುರಿಯುತ್ತದೆ. ಹೀಗಾಗಿಯೇ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಒಂದು ಡೇಟಾಬೇಸ್‌ಗೆ ಟಿಡಿಇ ಹಾಕಿದರೂ ಎಲ್ಲರೂ ಹಂಚಿಕೊಳ್ಳುವ ತಾತ್ಕಾಲಿಕ ಡೇಟಾಬೇಸ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. ಆದರೆ ಅದೇ ಎಸ್‌ಕ್ಯೂಎಲ್ ಸರ್ವರ್‌ನ ಫೈಲ್‌ಸ್ಟ್ರೀಮ್ ಸೌಲಭ್ಯದಲ್ಲಿ ಇಟ್ಟ ಫೈಲ್‌ಗಳಿಗೆ ಟಿಡಿಇ ರಕ್ಷಣೆ ಇಲ್ಲ. ಸ್ಕ್ಯಾನ್ ಮಾಡಿದ ಗುರುತಿನ ಚೀಟಿಗಳನ್ನು ಅಲ್ಲಿಟ್ಟವರು ಇದನ್ನು ತಿಳಿದಿರಬೇಕು.

ಅದಕ್ಕಿಂತ ದೊಡ್ಡ ರಂಧ್ರ ಇನ್ನೊಂದಿದೆ. ಡೇಟಾಬೇಸ್ ಫೈಲ್‌ಗಳನ್ನು ಇದ್ದಂತೆಯೇ ನಕಲು ಮಾಡಿದರೆ ನಕಲೂ ಗೂಢಲಿಪಿಯಲ್ಲೇ ಇರುತ್ತದೆ. ಆದರೆ ಡಂಪ್ ತೆಗೆದರೆ, ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡಿದರೆ, ಡೇಟಾಬೇಸ್ ಎಲ್ಲವನ್ನೂ ಬಿಡಿಸಿಯೇ ಕೊಡುತ್ತದೆ. ಅದು ಕೇಳಿದವರಿಗೆ ಉತ್ತರಿಸುವ ಮಾಮೂಲಿ ಕೆಲಸ ಮಾಡಿದೆ, ಅಷ್ಟೇ.

2007ರಲ್ಲಿ ಬ್ರಿಟನ್‌ನ ತೆರಿಗೆ ಇಲಾಖೆಯಿಂದ ಲೆಕ್ಕಪರಿಶೋಧಕರಿಗೆ ಹೊರಟ ಎರಡು ಸಿಡಿಗಳು ತಲುಪಲೇ ಇಲ್ಲ. ಅದರಲ್ಲಿದ್ದದ್ದು ಮಕ್ಕಳ ಭತ್ಯೆ ಪಡೆಯುವ ಕುಟುಂಬಗಳ 2.5 ಕೋಟಿ ಜನರ ಮಾಹಿತಿ: ಹೆಸರು, ವಿಳಾಸ, ಹುಟ್ಟಿದ ದಿನಾಂಕ, ಬ್ಯಾಂಕ್ ಖಾತೆ. ಪಾಸ್‌ವರ್ಡ್ ಇತ್ತು, ಎನ್‌ಕ್ರಿಪ್ಶನ್ ಇರಲಿಲ್ಲ. ನವೆಂಬರ್ 20ರಂದು ಹಣಕಾಸು ಸಚಿವ ಅಲಿಸ್ಟೇರ್ ಡಾರ್ಲಿಂಗ್ ಸಂಸತ್ತಿನಲ್ಲಿ ಇದನ್ನು ಹೇಳಬೇಕಾಯಿತು, ಇಲಾಖೆಯ ಮುಖ್ಯಸ್ಥ ಪಾಲ್ ಗ್ರೇ ರಾಜೀನಾಮೆ ಕೊಟ್ಟರು. ಮೂಲ ಡೇಟಾಬೇಸ್‌ಗೆ ಎಂಥ ಟಿಡಿಇ ಹಾಕಿದ್ದರೂ ಸಿಡಿಗೆ ಎಕ್ಸ್‌ಪೋರ್ಟ್ ಆದ ಆ ಪ್ರತಿ ಬಯಲಾಗಿಯೇ ಇರುತ್ತಿತ್ತು.

ಯಾರನ್ನು ತಡೆಯುತ್ತದೆ, ಯಾರನ್ನು ಬಿಡುತ್ತದೆ

2015ರ ಅಕ್ಟೋಬರ್‌ನಲ್ಲಿ ಬ್ರಿಟನ್‌ನ ಟೆಲಿಕಾಂ ಕಂಪನಿ ಟಾಕ್‌ಟಾಕ್ ಮೇಲೆ ದಾಳಿಯಾಯಿತು. ದಾಳಿಕೋರರಿಗೆ 1,56,959 ಗ್ರಾಹಕರ ವಿವರ ಸಿಕ್ಕಿತು, ಅವರಲ್ಲಿ 15,656 ಮಂದಿಯ ಬ್ಯಾಂಕ್ ಖಾತೆ ಸಂಖ್ಯೆಯೂ ಸೇರಿ. ದಾರಿ ಯಾವುದು? ಹಳೆಯ ವೆಬ್‌ಪೇಜ್‌ಗಳಲ್ಲಿದ್ದ ಎಸ್‌ಕ್ಯೂಎಲ್ ಇಂಜೆಕ್ಷನ್ ದೋಷ. ಅಂದರೆ ಫಾರ್ಮ್‌ನಲ್ಲಿ ಹೆಸರು ತುಂಬುವ ಜಾಗದಲ್ಲಿ ಡೇಟಾಬೇಸ್‌ಗೇ ಆದೇಶ ಬರೆದು ಕಳುಹಿಸುವುದು. ಮರುವರ್ಷ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ 4 ಲಕ್ಷ ಪೌಂಡ್ ದಂಡ ಹಾಕಿತು.

ಇಂಥ ದಾಳಿಯ ಎದುರು ಟಿಡಿಇ ಕೈಕಟ್ಟಿ ಕೂರುತ್ತದೆ. ದಾಳಿಕೋರ ಅಪ್ಲಿಕೇಷನ್‌ನ ವೇಷದಲ್ಲಿ ಬಂದಿದ್ದಾನೆ, ಅಪ್ಲಿಕೇಷನ್‌ಗೆ ಬೀಗ ಕಾಣುವುದಿಲ್ಲ, ಆದ್ದರಿಂದ ಇವನಿಗೂ ಕಾಣುವುದಿಲ್ಲ. ಡೇಟಾಬೇಸ್‌ನ ಅಡ್ಮಿನಿಸ್ಟ್ರೇಟರ್ ದುರುದ್ದೇಶದಿಂದ ನೋಡಿದರೂ ಅಷ್ಟೇ, ಅವರ ಪಾಸ್‌ವರ್ಡ್ ಬೇರೆಯವರ ಕೈ ಸೇರಿದರೂ ಅಷ್ಟೇ. ಸರ್ವರ್‌ನ ಮೆಮೊರಿಯನ್ನೇ ಓದಬಲ್ಲವರಿಗೆ ಪೇಜ್ ಮಾತ್ರವಲ್ಲ, ಕೀ ಕೂಡ ಸಿಗುತ್ತದೆ.

ರಾನ್ಸಮ್‌ವೇರ್ ವಿಷಯದಲ್ಲೂ ಒಂದು ಗೊಂದಲವಿದೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಮೇಲೆ ದಾಳಿಯಾದಾಗ ಐದು ಸರ್ವರ್‌ಗಳಲ್ಲಿನ ಸುಮಾರು 1.3 ಟೆರಾಬೈಟ್ ಡೇಟಾವನ್ನು ದಾಳಿಕೋರರು ಎನ್‌ಕ್ರಿಪ್ಟ್ ಮಾಡಿದ್ದರು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಹೊರರೋಗಿ ನೋಂದಣಿ ದಿನಗಟ್ಟಲೆ ಕೈಬರಹದಲ್ಲಿ ನಡೆಯಿತು. ಮೊದಲೇ ಎನ್‌ಕ್ರಿಪ್ಟ್ ಆದ ಫೈಲನ್ನು ಮತ್ತೊಬ್ಬರು ಎನ್‌ಕ್ರಿಪ್ಟ್ ಮಾಡಲಾಗದು ಎಂದು ಕೆಲವರು ನಂಬಿದ್ದಾರೆ. ಹಾಗೇನಿಲ್ಲ. ಬೀಗ ಹಾಕಿದ ಪೆಟ್ಟಿಗೆಯನ್ನು ಇನ್ನೊಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದು. ಅಲ್ಲಿ ಉಳಿಸುವುದು ದಾಳಿಕೋರರ ಕೈಗೆಟುಕದ ಬ್ಯಾಕಪ್ ಮಾತ್ರ.

ಭಾರತದ ನಿಯಮ ಏನು ಹೇಳುತ್ತದೆ?

ಆಧಾರ್ ಸಂಖ್ಯೆ ಸಂಗ್ರಹಿಸುವ ಸಂಸ್ಥೆಗಳಿಗೆ ಯುಐಡಿಎಐ 2017ರ ಜುಲೈ 25ರ ಸುತ್ತೋಲೆಯಲ್ಲಿ ಆಧಾರ್ ಡೇಟಾ ವಾಲ್ಟ್ ಕಡ್ಡಾಯ ಮಾಡಿತು. ಇದು ಟಿಡಿಇಗಿಂತ ಒಂದು ಹೆಜ್ಜೆ ಮುಂದಿನ ಯೋಚನೆ. ಆಧಾರ್ ಸಂಖ್ಯೆ ಒಂದೇ ಕಡೆ, ಪ್ರತ್ಯೇಕ ಖಜಾನೆಯಲ್ಲಿ, ಎನ್‌ಕ್ರಿಪ್ಟ್ ಆಗಿ ಇರಬೇಕು. ಕೀ ಎಚ್‌ಎಸ್‌ಎಂನಲ್ಲಿರಬೇಕು. ಉಳಿದೆಲ್ಲ ಟೇಬಲ್‌ಗಳಲ್ಲಿ ಅದರ ಬದಲು ಒಂದು ರೆಫರೆನ್ಸ್ ಸಂಖ್ಯೆ ಮಾತ್ರ. ಆ ಟೇಬಲ್ ಸೋರಿದರೂ ಸಿಗುವುದು ಬೇರೆಲ್ಲೂ ಉಪಯೋಗಕ್ಕೆ ಬಾರದ ಸಂಖ್ಯೆ. ರಿಸರ್ವ್ ಬ್ಯಾಂಕ್ ನಿಯಮದಂತೆ 2022ರ ಅಕ್ಟೋಬರ್ 1ರಿಂದ ಆನ್‌ಲೈನ್ ವ್ಯಾಪಾರಿಗಳು ಕಾರ್ಡ್ ನಂಬರ್ ಬದಲು ಟೋಕನ್ ಇಟ್ಟುಕೊಳ್ಳುತ್ತಿರುವುದರ ಹಿಂದೆಯೂ ಇದೇ ತರ್ಕ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ತಕ್ಕಮಟ್ಟಿನ ಭದ್ರತಾ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಇಟ್ಟಿದೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಆ ಕ್ರಮಗಳ ಸಾಲಿನಲ್ಲಿ ಎನ್‌ಕ್ರಿಪ್ಶನ್, ಮಾಸ್ಕಿಂಗ್, ವರ್ಚುವಲ್ ಟೋಕನ್‌ಗಳನ್ನು ಹೆಸರಿಸುತ್ತವೆ. ಆದರೆ ಯಾವ ಮಟ್ಟದ ಎನ್‌ಕ್ರಿಪ್ಶನ್ ಎಂದು ಬಿಡಿಸಿ ಹೇಳುವುದಿಲ್ಲ. ಕಾರ್ಡ್ ಉದ್ಯಮದ ಪಿಸಿಐ ಮಾನದಂಡ ಈ ವಿಷಯದಲ್ಲಿ ಹೆಚ್ಚು ಖಡಕ್. ಕಳಚಿ ಒಯ್ಯಬಹುದಾದ ಸಾಧನಗಳನ್ನು ಬಿಟ್ಟರೆ, ಕೇವಲ ಡಿಸ್ಕ್ ಮಟ್ಟದ ಎನ್‌ಕ್ರಿಪ್ಶನ್ ನಂಬಿ ಕಾರ್ಡ್ ನಂಬರ್ ಇಡುವುದು 2025ರ ಮಾರ್ಚ್ 31ರಿಂದ ಅದಕ್ಕೆ ಒಪ್ಪಿಗೆಯಿಲ್ಲ. ಓಡುತ್ತಿರುವ ಯಂತ್ರದಲ್ಲಿ ಆ ಬೀಗ ಯಾವಾಗಲೂ ತೆರೆದೇ ಇರುತ್ತದೆ ಎಂಬುದೇ ಕಾರಣ.

ಹಾಗಾದರೆ ಡೇಟಾಬೇಸ್‌ಗೂ ತೋರಿಸದೆ ಇಡಬಹುದೇ?

ಇಡಬಹುದು. ಮೈಕ್ರೋಸಾಫ್ಟ್ 2016ರಲ್ಲಿ ತಂದ ಆಲ್ವೇಸ್ ಎನ್‌ಕ್ರಿಪ್ಟೆಡ್ ಅಂಥದ್ದೊಂದು ದಾರಿ. ಇಲ್ಲಿ ಕೀ ಅಪ್ಲಿಕೇಷನ್‌ನ ಬಳಿ ಇರುತ್ತದೆ. ಆಯ್ದ ಕಾಲಂಗಳು, ಉದಾಹರಣೆಗೆ ಪ್ಯಾನ್ ಸಂಖ್ಯೆ, ಡೇಟಾಬೇಸ್‌ಗೆ ತಲುಪುವ ಮೊದಲೇ ಮುಚ್ಚಿರುತ್ತವೆ. ಅಡ್ಮಿನಿಸ್ಟ್ರೇಟರ್ ನೋಡಿದರೂ ಅರ್ಥವಿಲ್ಲದ ಅಕ್ಷರಗಳು.

ಇದಕ್ಕೆ ತೆರಬೇಕಾದ ಬೆಲೆ ಸೌಕರ್ಯ. ಡೇಟಾಬೇಸ್‌ಗೆ ಓದಲಾಗದ್ದನ್ನು ಅದು ಹುಡುಕಿಕೊಡುವುದೂ ಕಷ್ಟ. ಒಂದೇ ಮೌಲ್ಯಕ್ಕೆ ಸದಾ ಒಂದೇ ಗೂಢಲಿಪಿ ಬರುವಂತೆ ಮಾಡಿದರೆ "ಈ ಪ್ಯಾನ್ ಯಾರದು?" ಎಂಬಷ್ಟಾದರೂ ಕೇಳಬಹುದು. ಆಗ ಪೆಂಗ್ವಿನ್ ಮತ್ತೆ ಇಣುಕುತ್ತದೆ. ಲಿಂಗ, ವಯಸ್ಸು, ರೋಗದ ತೀವ್ರತೆಯಂಥ ಕಾಲಂಗಳನ್ನು ಹೀಗೆ ಮುಚ್ಚಿದರೆ, ಯಾವ ಗೂಢಲಿಪಿ ಎಷ್ಟು ಸಲ ಬಂದಿದೆ ಎಂದು ಎಣಿಸಿಯೇ ಒಳಗಿನದನ್ನು ಊಹಿಸಬಹುದು ಎಂದು 2015ರಲ್ಲಿ ನವೀದ್, ಕಮಾರಾ ಮತ್ತು ರೈಟ್ ಎಂಬ ಸಂಶೋಧಕರು ಆಸ್ಪತ್ರೆಗಳ ಡೇಟಾ ಬಳಸಿ ತೋರಿಸಿದರು. ಪ್ಯಾನ್, ಪಾಸ್‌ಪೋರ್ಟ್‌ನಂತೆ ಒಬ್ಬರಿಗೊಂದೇ ಇರುವ ಸಂಖ್ಯೆಗೆ ಈ ಅಪಾಯ ಕಡಿಮೆ, ಎರಡು ಮೂರೇ ಬಗೆಯ ಉತ್ತರಗಳಿರುವ ಕಾಲಂಗೆ ಬಹಳ ಹೆಚ್ಚು.

ಪೋಸ್ಟ್‌ಗ್ರೆಸ್ ಬಳಸುವವರ ಮುಂದೆ ಸದ್ಯ ಇರುವ ದಾರಿಗಳೂ ಹೀಗೇ ಹಂಚಿಹೋಗಿವೆ. ಲಿನಕ್ಸ್‌ನ ಲಕ್ಸ್ ಬಳಸಿ ಇಡೀ ಡಿಸ್ಕ್ ಮುಚ್ಚಬಹುದು, ಡಿಸ್ಕ್ ಕಳ್ಳತನಕ್ಕೆ ಅಷ್ಟು ಸಾಕು. ಆದರೆ ಆ ಡಿಸ್ಕ್‌ನಿಂದ ಬೇರೆಡೆಗೆ ನಕಲಾದ ಬ್ಯಾಕಪ್‌ಗೆ ಅದರ ರಕ್ಷಣೆ ಇಲ್ಲ, ಅದನ್ನು ಬೇರೆಯಾಗಿಯೇ ಎನ್‌ಕ್ರಿಪ್ಟ್ ಮಾಡಬೇಕು. ಪಿಜಿಕ್ರಿಪ್ಟೋ ಎಂಬ ಸಲಕರಣೆಯಿಂದ ಆಯ್ದ ಕಾಲಂ ಮುಚ್ಚಬಹುದು. ಆದರೆ ಅದರಲ್ಲಿ ಕೀ ಪ್ರತಿ ಪ್ರಶ್ನೆಯ ಜೊತೆಗೆ ಸರ್ವರ್‌ಗೆ ಹೋಗುತ್ತದೆ. ಸರ್ವರ್‌ನಲ್ಲಿ ಎಲ್ಲ ಪ್ರಶ್ನೆಗಳನ್ನೂ ಲಾಗ್ ಮಾಡುವ ಸೆಟ್ಟಿಂಗ್ ಆನ್ ಆಗಿದ್ದರೆ ಆ ಕೀ ಕೂಡ ಲಾಗ್ ಫೈಲ್‌ನಲ್ಲಿ ಸಾದಾ ಅಕ್ಷರಗಳಲ್ಲಿ ಬಿದ್ದಿರುತ್ತದೆ.